ಎದೆಜೇಬಿನ ಕಲ್ಲು

ಮರುಭೂಮಿಯ ಅಂಚಿನ ಎರ್ಫೂದ್ ಪೇಟೆಯಲ್ಲಿ ಇಂಬಾರಕನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಬೀದಿಯ ಹೆಸರು ಹೇಳುವುದಿಲ್ಲ. 'ಅಯಸ್ಕಾಂತದ ಮುದುಕನದಾ? ಗರಗಸದ ಗದ್ದಲ ಎಲ್ಲಿ ನಿಲ್ಲುತ್ತೋ ಅಲ್ಲಿ' ಎನ್ನುತ್ತಾರೆ. ಆ ಬೀದಿಯ ಉದ್ದಕ್ಕೂ ಹಳೆಯ ಕಡಲಪ್ರಾಣಿಗಳು ಹುದುಗಿರುವ ಕಲ್ಲನ್ನು ಕೊಯ್ದು ಮೇಜು, ಬೋಗುಣಿ ಮಾಡುವವರೇ ತುಂಬಿದ್ದಾರೆ. ಬೆಳಗಾದರೆ ಬಿಳಿ ಧೂಳು, ಸಂಜೆಯವರೆಗೂ ಕಿವಿಗಡಚಿಕ್ಕುವ ಸದ್ದು. ಕೊನೆಯ ಬಾಗಿಲು ಇಂಬಾರಕನದು. ಅವನು ಏನನ್ನೂ ಕೊಯ್ಯುವುದಿಲ್ಲ. ಅವನ ಸರಕು ನೆಲದ್ದಲ್ಲ, ಆಕಾಶದಿಂದ ಬಿದ್ದದ್ದು.

ಆಡು ಮೇಯಿಸುವವರು, ಒಂಟೆ ಕಾಯುವವರು ಬಯಲಿನಲ್ಲಿ ಕರಿ ಕಲ್ಲು ಹೆಕ್ಕಿ ತರುತ್ತಾರೆ. ಇಂಬಾರಕ ಕೊಳ್ಳುತ್ತಾನೆ. ಒಂದು ಚೂರನ್ನು ವಿಶ್ವವಿದ್ಯಾಲಯದ ಪಂಡಿತರಿಗೆ ಬಿಟ್ಟಿಯಾಗಿ ಕೊಡುತ್ತಾನೆ. ಅವರು ಅದನ್ನು ಸವೆಸಿ, ಸೀಳಿ, ನೋಡಿ, ಇದು ಇಂಥ ಕುಲದ್ದು ಎಂದು ಹೆಸರಿಡುತ್ತಾರೆ. ಹೆಸರು ಬಿದ್ದ ಮೇಲೆ ದೂರದೇಶದ ಸಂಗ್ರಹಕಾರರು ಉಳಿದದ್ದನ್ನು ಕೊಳ್ಳುತ್ತಾರೆ. ಹೆಸರಿಲ್ಲದ ಕಲ್ಲು ಬರೀ ಕಲ್ಲು. ಆದ್ದರಿಂದ ವ್ಯಾಪಾರಿಗೆ ಪಂಡಿತ ಬೇಕು, ಪಂಡಿತನಿಗೆ ವ್ಯಾಪಾರಿ ಬೇಕು. ಉಳಿದ ವ್ಯಾಪಾರಿಗಳು ಉಗುರಿನಷ್ಟು ಚೂರು ಕೊಟ್ಟು ಕೈತೊಳೆದುಕೊಳ್ಳುವಾಗ ಇಂಬಾರಕ ಧಾರಾಳವಾಗಿ ಕೊಡುತ್ತಿದ್ದ. ಕೆಲವೊಮ್ಮೆ ಇಡೀ ಕಲ್ಲನ್ನೇ ಎತ್ತಿಕೊಟ್ಟದ್ದುಂಟು. 'ಪಂಡಿತರ ಹೊಟ್ಟೆ ತುಂಬಿದ್ರೆ ನಮ್ಮ ಹೊಟ್ಟೆ ತಾನೇ ತುಂಬುತ್ತೆ' ಎಂದು ಲೆಕ್ಕಾಚಾರದ ಮಾತಾಡುತ್ತಿದ್ದ. ಆದರೆ ಅಷ್ಟೇ ಅಲ್ಲ ಎಂದು ಅವನ ಹೆಂಡತಿ ಯಮ್ನಾಗೆ ಗೊತ್ತಿತ್ತು. ಕಲ್ಲಿನ ವಯಸ್ಸು ಇಷ್ಟು, ಇದು ಬಂದದ್ದು ಅಲ್ಲಿಂದ ಎಂದು ಫೋನಿನಲ್ಲಿ ಸುದ್ದಿ ಬಂದ ದಿನ ಅವನು ಮಗುವಿನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದ.

ಅವನ ಹೆಸರಿಗೆ ಅಯಸ್ಕಾಂತ ಅಂಟಿಕೊಂಡದ್ದಕ್ಕೂ ಕಾರಣವಿದೆ. ಮೊದಲೆಲ್ಲ ಜನ ಕಂಡ ಕಂಡ ಕರಿ ಕಲ್ಲನ್ನು ಚೀಲಗಟ್ಟಲೆ ಹೊತ್ತು ತಂದು, ಒಂದೂ ಉಪಯೋಗಕ್ಕೆ ಬಾರದೆ, ಬೈದುಕೊಂಡು ಹೋಗುತ್ತಿದ್ದರು. ಇಂಬಾರಕ ಕಾಸಾಬ್ಲಾಂಕಾಗೆ ಹೋಗಿ, ಹಳೆಯ ಕಂಪ್ಯೂಟರ್ ಒಡೆಯುವ ಗುಜರಿ ಬಜಾರಿನಲ್ಲಿ ಸಿಗುವ ಪುಟ್ಟ, ಆದರೆ ಭಾರಿ ಬಲದ ಅಯಸ್ಕಾಂತಗಳನ್ನು ಮೂಟೆಯಲ್ಲಿ ತಂದ. ಊರೂರಿಗೆ, ಗುಡಾರ ಗುಡಾರಕ್ಕೆ ಹಂಚಿದ. ಕೋಲಿನ ತುದಿಗೆ ಅಂಟಿಸಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟ. ಆಕಾಶದ ಕಲ್ಲಿನಲ್ಲಿ ಕಬ್ಬಿಣ ಇರುವುದರಿಂದ ಕೋಲು ಅದನ್ನು ಹಿಡಿಯುತ್ತದೆ. 'ಮೊದಲು ಮುಟ್ಟಿಸು, ಆಮೇಲೆ ಎತ್ತು' ಎಂಬುದು ಅವನು ಹೇಳಿಕೊಟ್ಟ ಪಾಠ. ಬಯಲಿನ ಮಕ್ಕಳು ಅದನ್ನು ಹಾಡಿನ ಹಾಗೆ ಹೇಳಿಕೊಂಡು ಓಡುತ್ತಿದ್ದರು. ವರ್ಷ ಕಳೆಯುವುದರೊಳಗೆ ಎರ್ಫೂದಿನಿಂದ ಪಂಡಿತರ ಕಪಾಟುಗಳಿಗೆ ಹೋದ ಕಲ್ಲುಗಳು ಅದಕ್ಕೂ ಹಿಂದೆ ಹೋದವುಗಳಿಗಿಂತ ಹೆಚ್ಚಾದವು. ತನ್ನ ಬದುಕಿನಲ್ಲಿ ಒಂದು ಪುಣ್ಯದ ಕೆಲಸ ಮಾಡಿದ್ದರೆ ಅದು ಇದೇ ಎಂದು ಇಂಬಾರಕ ನಂಬಿದ್ದ.

ಆ ವಸಂತದಲ್ಲಿ ಘಿತಾ ಹೇಳದೆ ಕೇಳದೆ ಬಂದಿಳಿದಳು. ಮರಾಕೇಶಿನ ಹುಡುಗಿ. ವಿದ್ಯಾರ್ಥಿಯಾಗಿದ್ದಾಗ ಇಂಬಾರಕನ ಅಂಗಡಿಯ ಕಲ್ಲುಗಳ ಮೇಲೇ ಓದಿ ಡಾಕ್ಟರೇಟ್ ಪದವಿ ಪಡೆದವಳು. ಈಗ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ಬಂದಾಗಲೆಲ್ಲ ಯಮ್ನಾ ಮಾಡಿದ ಮಾಂಸ ತುಂಬಿದ ರೊಟ್ಟಿ ತಿಂದು, ಬೆರಳು ನೆಕ್ಕಿ, ಆಮೇಲೆ ಮಾತು ತೆಗೆಯುವವಳು. ಈ ಸಲ ರೊಟ್ಟಿ ಹಾಗೇ ಇತ್ತು.

'ಚಿಕ್ಕಪ್ಪ, ಆಡು ಮೇಯಿಸೋ ತೂದಾಳ ಬಯಲಿನ ಕಲ್ಲು ಇದೆಯಲ್ಲ, ಮಂಗಳ ಗ್ರಹದ್ದು ಅಂತ ನಾವು ಹೆಸರಿಟ್ಟಿದ್ದು? ಅದರಲ್ಲಿ ಅಯಸ್ಕಾಂತ ಮುಟ್ಟಿಸದೇ ಇರೋ ಒಂದು ಚೂರು ನಿಮ್ಮ ಹತ್ರ ಸಿಗುತ್ತಾ?'

ಇಂಬಾರಕ ನಕ್ಕುಬಿಟ್ಟ. 'ಮುಟ್ಟಿಸದೇ ಇರೋದಾ? ಹಲ್ಲು ನೋಡದೆ ಒಂಟೆ ಕೊಂಡ ಹಾಗಾಯ್ತು! ಒಂದೊಂದಕ್ಕೂ ತೂದಾ ಒಂದು ಸಲ ಮುಟ್ಟಿಸಿದ್ದಾಳೆ, ಅವಳ ಮೇಲೆ ನಂಬಿಕೆ ಸಾಲದೆ ನಾನೊಂದು ಸಲ ಮುಟ್ಟಿಸಿದ್ದೀನಿ.'

ಘಿತಾ ನಗಲಿಲ್ಲ. ಚಹಾದ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

'ಒಂದು ವಿಷಯ ಹೇಳ್ಬೇಕು, ಬೇಜಾರು ಮಾಡ್ಕೋಬಾರದು. ಕಲ್ಲು ಬಿಸಿಯಾಗಿದ್ದು ಆರುವಾಗ ಸುತ್ತ ಇರೋ ಅಯಸ್ಕಾಂತದ ಸೆಳೆತವನ್ನ ಒಳಗೇ ಹಿಡಿದಿಟ್ಕೊಳ್ಳುತ್ತೆ. ಮಂಗಳದ ಸುತ್ತ ಒಂದು ಕಾಲದಲ್ಲಿ ಅಂಥ ಸೆಳೆತ ಇತ್ತು, ಛತ್ರಿ ಹಿಡಿದ ಹಾಗೆ. ಛತ್ರಿ ಹೋದ ಮೇಲೆ ಅಲ್ಲಿಯ ಗಾಳಿ ಹೋಯ್ತು, ನೀರು ಹೋಯ್ತು. ಯಾವಾಗ ಹೋಯ್ತು ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಈ ಕಲ್ಲಿಗೆ ಗೊತ್ತಿತ್ತು.'

'ಇತ್ತು?'

'ನಾವು ಕೈಲಿ ಹಿಡಿಯೋ ಅಯಸ್ಕಾಂತ ಮುಟ್ಟಿಸಿದ್ರೆ ಆ ನೆನಪು ಅಳಿಸಿಹೋಗುತ್ತೆ, ಚಿಕ್ಕಪ್ಪ. ಅದರ ಜಾಗದಲ್ಲಿ ನಮ್ಮದು ಕೂರುತ್ತೆ. ನೀವು ಕೊಟ್ಟ ಚೂರುಗಳನ್ನೆಲ್ಲ ಅಳೆದು ನೋಡಿದೆ. ಒಂದೂ ಬಿಡದೆ ಎಲ್ಲ ಗುಜರಿ ಬಜಾರಿನ ಮಾತೇ ಆಡ್ತವೆ.'

ಹೊರಗೆ ಯಾರದೋ ಗರಗಸ ಕಲ್ಲಿಗೆ ಕಚ್ಚಿ ಚೀರಿತು. ಅಂಗಡಿಯ ಕಪಾಟಿನ ತುಂಬ ಹತ್ತಿಯ ಮೇಲೆ ಮಲಗಿದ್ದ ಕಲ್ಲುಗಳ ಕಡೆ ಇಂಬಾರಕನ ಕಣ್ಣು ಹೋಗಿ ಬಂತು.

'ಇದು ನಿಮಗೆ ಯಾವಾಗಿಂದ ಗೊತ್ತು?'

'ನಮ್ಮ ಮೇಷ್ಟ್ರ ಕಾಲದಿಂದ್ಲೇ.'

'ಮತ್ತೆ ಹೇಳ್ಬಾರದಿತ್ತಾ ತಾಯೀ! ನಾನು ವರ್ಷ ವರ್ಷ ಮೂಟೆ ತರಿಸಿ ಹಂಚ್ತಾ ಇದ್ದೆ. ನಿಮ್ಮ ಮೇಷ್ಟ್ರು ಇಲ್ಲೇ, ಈ ಚಾಪೆ ಮೇಲೇ ಕೂತು, ಭೇಷ್ ಅಂತ ಬೆನ್ನು ತಟ್ಟಿ ಹೋದ್ರು.'

'ನೀವು ಕೊಡೋರು, ನಾವು ಕೈ ಚಾಚೋರು' ಎಂದಳು ಘಿತಾ. 'ಕೊಡೋ ಕೈಗೆ ಹೀಗಲ್ಲ ಹಾಗೆ ಅನ್ನೋದು ಹೇಗೆ? ನೀವು ಮುನಿಸಿಕೊಂಡು ನಿಲ್ಲಿಸಿಬಿಟ್ರೆ ನಮ್ಮ ಕಪಾಟು ಖಾಲಿ. ಮೇಷ್ಟ್ರು ಹೇಳೋರು, ಆ ಮನುಷ್ಯನ ಮನಸ್ಸು ನೋಯಿಸಬೇಡ ಅಂತ.'

ಮನಸ್ಸು ನೋಯಿಸದೆ ಇದ್ದದ್ದರ ಬೆಲೆ ಎಷ್ಟೆಂದು ಇಬ್ಬರಿಗೂ ಆ ಹೊತ್ತಿಗೆ ಅರ್ಥವಾಗಿತ್ತು.

ಘಿತಾಳ ಅವಸರಕ್ಕೆ ಕಾರಣವಿತ್ತು. ಇಂಥ ನೆನಪನ್ನು ಓದುವ ಯಂತ್ರ ಫ್ರಾನ್ಸಿನಲ್ಲಿದೆ. ಅದರ ಮುಂದೆ ಕೂರಲು ಸರತಿ ಹಚ್ಚಿ, ಬೇಡಿ ಕಾಡಿ, ಈ ಬೇಸಗೆಗೆ ಅವಳಿಗೆ ಅವಕಾಶ ಸಿಕ್ಕಿತ್ತು. ಬರಿಗೈಲಿ ಹೋದರೆ ಸರತಿ ಇನ್ನೊಬ್ಬರ ಪಾಲು. ಮತ್ತೆ ಸಿಗುವ ಭರವಸೆ ಇರಲಿಲ್ಲ.

'ಬಯಲಲ್ಲಿ ಇನ್ನೂ ಚೂರು ಉಳಿದಿರಬಹುದು' ಎಂದ ಇಂಬಾರಕ. 'ತೂದಾ ಹೋದ ವರ್ಷ ಪಡುವಣ ದಿಕ್ಕಿಗೆ ಹೋಗಿರಲಿಲ್ಲ, ಅಲ್ಲಿ ಹುಲ್ಲಿರಲಿಲ್ಲ ಅಂತ. ಏಳು, ಹೋಗೋಣ. ನಾನೇ ಹುಡುಕಿಕೊಡ್ತೀನಿ.'

'ಮೊಣಕಾಲು ನೋವಲ್ವಾ ನಿಮಗೆ?'

'ಮೊಣಕಾಲು ಇಲ್ಲಿ ಕೂತ್ರೂ ನೋಯುತ್ತೆ.'

ಆ ರೊಟ್ಟಿಯನ್ನು ಯಮ್ನಾ ಬಟ್ಟೆಯಲ್ಲಿ ಕಟ್ಟಿ ಗಾಡಿಯಲ್ಲಿಟ್ಟಳು.

ತೂದಾ ಇಂಬಾರಕನ ಕುಲದವಳೇ, ಹೆಚ್ಚು ಕಡಿಮೆ ಅವನ ವಯಸ್ಸಿನವಳೇ. ಗಂಡ ಸತ್ತ ಮೇಲೆ ಆಡುಗಳನ್ನೂ ಬಯಲನ್ನೂ ತಾನೇ ಆಳುತ್ತಿದ್ದವಳು. ಗಾಡಿ ಗುಡಾರದ ಮುಂದೆ ನಿಲ್ಲುವ ಮೊದಲೇ ಅವಳ ಬಾಯಿ ಶುರುವಾಗಿತ್ತು.

'ಏನಯ್ಯಾ ಇಂಬಾರಕ್, ಇನ್ನೂ ಸತ್ತಿಲ್ವಾ? ನಿನ್ನ ಗಾಡಿ ಕೆಮ್ಮೋದು ನೋಡಿದ್ರೆ ನಿನಗಿಂತ ಮೊದಲು ಅದೇ ಹೋಗುತ್ತೆ.'

'ನಿನ್ನ ನಾಲಿಗೆ ಇರೋವರೆಗೂ ನಮಗ್ಯಾರಿಗೂ ಸಾವಿಲ್ಲ ಬಿಡು. ಸಾವಿನ ದೂತನಿಗೂ ಹತ್ರ ಬರೋಕೆ ಭಯ.'

ಘಿತಾ ಕೂತು ಎಲ್ಲವನ್ನೂ ಮತ್ತೆ ಹೇಳಿದಳು. ತೂದಾ ಮಜ್ಜಿಗೆ ಕಡೆಯುವ ತೊಗಲಿನ ಚೀಲವನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೇಳಿಸಿಕೊಂಡಳು. ಕೊನೆಗೆ ತೂಗುವುದನ್ನು ನಿಲ್ಲಿಸಿದಳು.

'ಅಂದ್ರೆ, ಇಷ್ಟು ವರ್ಷ ನಾವು ಕಲ್ಲಿನ ಕಪಾಳಕ್ಕೆ ಹೊಡೆದು "ಯಾರಪ್ಪಾ ನೀನು, ಎಲ್ಲಿಂದ ಬಂದೆ" ಅಂತ ಕೇಳ್ತಿದ್ವಿ. ಏಟು ಬಿದ್ದ ಭರಕ್ಕೆ ಅವನಿಗೆ ತನ್ನ ಹೆಸರೇ ಮರೆತುಹೋಯ್ತು. ಅಲ್ವಾ?'

'ಹಾಗೇ ಅನ್ಕೊಳ್ಳಿ ಲಲ್ಲಾ' ಎಂದಳು ಘಿತಾ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ.

'ಹೊಡೆಯೋದನ್ನ ಕಲಿಸಿದ್ದು ಯಾರು?' ತೂದಾ ಇಂಬಾರಕನ ಕಡೆ ಗದ್ದ ಎತ್ತಿದಳು. 'ಈ ಮೇಷ್ಟ್ರು.'

ಇಂಬಾರಕ ನಗಲು ನೋಡಿದ. ಆಗಲಿಲ್ಲ.

ಮರುದಿನ ಬೆಳಗ್ಗೆ ಹೊರಡುವ ಮುಂಚೆ ಘಿತಾ ಎಲ್ಲರ ಮೈಯನ್ನೂ ಕಣ್ಣಲ್ಲೇ ತಪಾಸಣೆ ಮಾಡಿದಳು. ತೂದಾಳ ಕೋಲು ಗುಡಾರದಲ್ಲೇ ಉಳಿಯಿತು. ಫೋನುಗಳು ಗಾಡಿಯೊಳಗೆ ಹೋದವು, ಅವುಗಳ ಹೊಟ್ಟೆಯಲ್ಲೂ ಅಯಸ್ಕಾಂತ ಇರುತ್ತದಂತೆ. ಇಂಬಾರಕನಿಗೆ ಮಾತ್ರ ಕೋಲಿಲ್ಲದೆ ನಡೆಯಲಾಗದು. ಅವನು ಬಂಡೆಯ ಮೇಲೆ ಕೂತು, ಚಾಕುವಿನ ಮೊನೆಯಿಂದ ಕೋಲಿನ ತುದಿಯ ಅಯಸ್ಕಾಂತವನ್ನು ಎಬ್ಬತೊಡಗಿದ. ತಾನೇ ಅಂಟಿಸಿದ ಅಂಟು, ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಟಪ್ಪೆಂದು ಎದ್ದು ಅಂಗೈಗೆ ಬಿತ್ತು. ಗಾಡಿಯಲ್ಲಿಟ್ಟು ಬರೋಣ ಎಂದುಕೊಳ್ಳುವಷ್ಟರಲ್ಲಿ ತೂದಾ ಆಚೆಯಿಂದ ಕೂಗಿದಳು: 'ಬಿಸಿಲೇರಿದ ಮೇಲೆ ಹೊರಡ್ತೀಯೇನು? ಮದುವಣಗಿತ್ತಿ ಹಾಗೆ ಇನ್ನೂ ಸಿಂಗಾರ ಮುಗಿದಿಲ್ವಾ?' ಅವನು ಬಂದೆ ಬಂದೆ ಎಂದು ಎದ್ದ.

ಪಡುವಣ ದಿಕ್ಕಿನ ಬಯಲು ನುಣ್ಣಗೆ ಹಾಸಿದ ಕರಿ ಕಲ್ಲಿನದು. ಅಲ್ಲಿ ಕರಿ ಕಲ್ಲು ಹುಡುಕುವುದೆಂದರೆ ಕೂದಲಲ್ಲಿ ಕೂದಲು ಹುಡುಕಿದ ಹಾಗೆ. ಕೋಲಿನಲ್ಲಾದರೆ ಮುಟ್ಟಿಸುತ್ತ ನಡೆದರಾಯಿತು. ಬರಿಗಣ್ಣಿನಲ್ಲಿ ಒಂದೊಂದನ್ನೂ ಬಗ್ಗಿ ನೋಡಬೇಕು. ಅಯಸ್ಕಾಂತ ಬಂದ ಮೇಲೆ ತನ್ನ ಕಣ್ಣು ಎಷ್ಟು ಸೋಮಾರಿಯಾಗಿದೆ ಎಂದು ಇಂಬಾರಕನಿಗೆ ಗೊತ್ತಾದದ್ದು ಅಂದೇ. ಮಧ್ಯಾಹ್ನದ ಹೊತ್ತಿಗೆ ಅವನು ಎತ್ತಿದ್ದೆಲ್ಲ ಸುಳ್ಳು ಕಲ್ಲೇ. ಘಿತಾಳ ಮೂಗು ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳತೊಡಗಿತ್ತು.

ತೂದಾ ಮಾತಾಡುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಅದೇ ಒಂದು ಸೂಚನೆ. ಒಂದು ಒಣಗಿದ ಜಾಲಿಗಿಡದ ಬುಡದಲ್ಲಿ ಅವಳು ಕುಕ್ಕರಗಾಲಲ್ಲಿ ಕೂತದ್ದು ಕಂಡಿತು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಬಿಸಿ ಪಾತ್ರೆಯ ಮುಂದೆ ಕೂತ ಮಗುವಿನ ಹಾಗೆ.

'ನಾನು ಮುಟ್ಟಿಲ್ಲ. ನೀವೇ ನೋಡಿ' ಎಂದಳು.

ಕೋಳಿಮೊಟ್ಟೆಗಿಂತ ಚಿಕ್ಕದು. ಬದನೆಕಾಯಿಯ ಸಿಪ್ಪೆಯಂಥ ಹೊಳಪು. ಒಂದು ಕಡೆ ಮುರಿದಿತ್ತು, ಮುರಿದಲ್ಲಿ ಒಳಗಿನ ಬೂದು ಚೂರುಗಳು ಅಂಟಿಕೊಂಡಂತೆ ಕಾಣುತ್ತಿದ್ದವು. ಅದೇ ಕಲ್ಲು, ಅನುಮಾನವೇ ಇರಲಿಲ್ಲ. ಘಿತಾ ಮಂಡಿಯೂರಿ ನೋಡಿದಳು. 'ಯಾರ ಕೈಗೂ ಸಿಗದೆ ಕಾದು ಕೂತಿದೆ' ಎಂದಳು, ತನಗೇ ಹೇಳಿಕೊಂಡಂತೆ. ಬೆನ್ನಚೀಲದಿಂದ ಒಂದು ತಾಮ್ರದ ಪೆಟ್ಟಿಗೆ ತೆಗೆದಳು.

'ಅಯ್ಯೋ, ಪೆಟ್ಟಿಗೆಗಾ?' ತೂದಾ ತಡೆದಳು. 'ಹಂಗೆಲ್ಲ ಮಾಡ್ಬಾರದು ಮಗಳೇ. ಹುಡುಕೋಕೆ ಹೊರಟಾಗ ಸಿಗೋ ಮೊದಲನೇ ಕಲ್ಲು ಹಿರಿಯನ ಎದೆಜೇಬಿಗೆ ಹೋಗಬೇಕು. ಮೂರು ಲೋಟ ಚಹಾ ಆಗೋವರೆಗೂ ಯಾರೂ ನೋಡಬಾರದು. ನಮ್ಮಜ್ಜನ ಕಾಲದಿಂದ ಬಂದದ್ದು. ದೃಷ್ಟಿ ಬಿದ್ರೆ ಬಯಲು ಇನ್ನೊಂದು ಕೊಡಲ್ಲ.'

ಘಿತಾ ಪೆಟ್ಟಿಗೆಯ ಮುಚ್ಚಳ ತೆರೆದು ಹಿಡಿದುಕೊಂಡೇ ಇದ್ದಳು. ಬೇಡ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿದ್ದದ್ದು ಇಂಬಾರಕನಿಗೆ ಕಾಣಿಸುತ್ತಿತ್ತು. ಆದರೆ ಕಲ್ಲು ಹುಡುಕಿದವಳು ತೂದಾ. ಗುಡಾರದಲ್ಲಿ ಮಲಗಿಸಿ, ಮಜ್ಜಿಗೆ ಕೊಟ್ಟು, ಬಿಸಿಲಲ್ಲಿ ಅಲೆದವಳು ತೂದಾ. ಘಿತಾ ಮುಚ್ಚಳ ಹಾಕಿದಳು. 'ಆಗಲಿ ಲಲ್ಲಾ, ನಿಮ್ಮ ಪದ್ಧತಿ' ಎಂದಳು.

ಇಂಬಾರಕ ಮುಂಡಾಸಿನ ತುದಿಯನ್ನು ಹರಿದು, ಅದರಲ್ಲಿ ಕಲ್ಲನ್ನು ಗಂಟು ಕಟ್ಟಿ, ದೇವರ ಹೆಸರು ಹೇಳಿ ನಿಲುವಂಗಿಯ ಎದೆಜೇಬಿಗೆ ಇಳಿಸಿದ. ಆ ಕ್ಷಣದಲ್ಲಿ ಅವನಿಗೆ ಆದಷ್ಟು ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ತಾನು ಹಂಚಿದ ಅಯಸ್ಕಾಂತಗಳೆಲ್ಲ ಎಷ್ಟು ಕಲ್ಲಿನ ಬಾಯಿ ಮುಚ್ಚಿಸಿದ್ದವೋ ಯಾರಿಗೆ ಗೊತ್ತು. ಇದೊಂದಾದರೂ ಮಾತಾಡುತ್ತದೆ. ಅದೂ ತನ್ನ ಎದೆಯ ಮೇಲಿಂದ ಹೋಗಿ.

ಜಾಲಿಗಿಡದ ಚೂರು ನೆರಳಿನಲ್ಲಿ ಬೆಂಕಿ ಹಾಕಿದರು. ತೂದಾ ಸಕ್ಕರೆಗಟ್ಟಿಯನ್ನು ಒಡೆದಳು. ಮೊದಲ ಲೋಟ ಕಹಿ, ಎರಡನೆಯದು ಹದ. ಘಿತಾಳ ನಾಲಿಗೆ ಸಡಿಲವಾಗಿತ್ತು. ಯಂತ್ರ ಇರುವ ಕೋಣೆ ಹೇಗಿದೆ, ಅದರ ಗೋಡೆಗಳು ಭೂಮಿಯ ಸೆಳೆತವನ್ನೇ ಹೊರಗಿಡುತ್ತವೆ, ಅಲ್ಲಿ ಮೊಳೆ ಕೂಡ ಕಬ್ಬಿಣದ್ದಲ್ಲ ಎಂದೆಲ್ಲ ಹೇಳಿದಳು.

'ಅಷ್ಟು ಮಡಿಯಾ!' ಎಂದಳು ತೂದಾ. 'ಹೊಸ ಸೊಸೆ ಕೋಣೆಗಿಂತ ಹೆಚ್ಚಾಯ್ತು.'

'ಅಲ್ಲಿ ಇದನ್ನ ಇಟ್ಟು ಸ್ವಲ್ಪ ಸ್ವಲ್ಪವೇ ಬಿಸಿ ಮಾಡ್ತೀವಿ. ಬಿಸಿ ಮಾಡಿದ ಹಾಗೆ ಒಂದೊಂದೇ ಪದರ ಬಿಟ್ಟುಕೊಡುತ್ತೆ. ಕೊನೆಯ ಪದರ ಎಲ್ಲಕ್ಕಿಂತ ಹಳೇದು. ನದಿ ಹರೀತಿದ್ದ ಕಾಲದ್ದು ಇರಬಹುದು.'

'ಅಲ್ಲೂ ನದಿ ಇತ್ತಾ?'

'ಇತ್ತು ಲಲ್ಲಾ. ಬತ್ತಿಹೋಯ್ತು.'

'ನಮ್ಮ ಝೀಝ್ ಹೊಳೆ ಹಾಗೆ' ಎಂದು ತೂದಾ ಮೂರನೆಯ ಲೋಟ ತುಂಬಿಸಿದಳು. 'ಕುಡೀರಿ. ಆಮೇಲೆ ತೆಗಿ ಇಂಬಾರಕ್, ಹುಡುಗಿ ಜೀವ ಹಿಡ್ಕೊಂಡು ಕೂತಿದೆ.'

ಮೂರನೆಯ ಲೋಟ ಬಹಳ ಸಿಹಿಯಾಗಿತ್ತು. ಅದನ್ನು ಕೆಳಗಿಟ್ಟು ಇಂಬಾರಕ ಜೇಬಿಗೆ ಕೈ ಹಾಕಿದ. ಬೆರಳಿಗೆ ಬಟ್ಟೆಯ ಗಂಟು ಸಿಕ್ಕಿತು. ಅದರ ಪಕ್ಕದಲ್ಲಿ, ಗಂಟಿಗೆ ಬಿಗಿಯಾಗಿ ಕಚ್ಚಿಕೊಂಡಂತೆ, ತಣ್ಣಗೆ, ಚಪ್ಪಟೆಯಾಗಿ ಇನ್ನೊಂದು ಸಿಕ್ಕಿತು.

ಬೆಳಗ್ಗೆ ಕೋಲಿನಿಂದ ಎಬ್ಬಿದ್ದನ್ನು ಅವನು ಗಾಡಿಯಲ್ಲಿಟ್ಟಿರಲಿಲ್ಲ. ಎಷ್ಟೋ ವರ್ಷಗಳಿಂದ ಅಯಸ್ಕಾಂತ ಕೈಗೆ ಬಂದರೆ ಕೈ ತಾನಾಗಿ ಅದನ್ನು ಎಲ್ಲಿಡುತ್ತಿತ್ತೋ, ಅಲ್ಲೇ ಇಟ್ಟಿತ್ತು.

ಕೈ ಜೇಬಿನೊಳಗೇ ನಿಂತಿತು. ವ್ಯಾಪಾರಿಯ ಬುದ್ಧಿ ಬಲು ಚುರುಕು. ಆ ಒಂದು ಉಸಿರಿನಲ್ಲೇ ಅದು ಅವನಿಗೆ ದಾರಿ ತೋರಿಸಿತು. ಮುದುಕನಿಗೆ ಮೂತ್ರ ತಡೆಯುವುದಿಲ್ಲ, ಎದ್ದು ಸ್ವಲ್ಪ ದೂರ ಹೋಗು, ಎರಡನ್ನೂ ಬಿಡಿಸು, ಒಂದನ್ನು ಮರಳಲ್ಲಿ ಹೂಳು, ಇನ್ನೊಂದನ್ನು ನಗುತ್ತ ತಂದುಕೊಡು. ಫ್ರಾನ್ಸಿನ ಆ ಮಡಿಕೋಣೆಯಲ್ಲಿ ಕಲ್ಲು ಗುಜರಿ ಬಜಾರಿನ ಮಾತಾಡಿದಾಗ ಯಾರು ಯಾರನ್ನು ಕೇಳುತ್ತಾರೆ? ಹಿಂದೆ ಯಾವನೋ ದಾರಿಹೋಕ ಮುಟ್ಟಿಸಿ ಬೇಡವೆಂದು ಎಸೆದು ಹೋಗಿರಬೇಕು ಎನ್ನುತ್ತಾರೆ. ಇಲ್ಲವೇ ತೂದಾ ಮೊದಲೇ ನೋಡಿ, ಮುಟ್ಟಿಸಿ, ಆಮೇಲೆ ಕೈಕಟ್ಟಿ ಕೂತಳು ಎನ್ನುತ್ತಾರೆ.

ತೂದಾ ಎಂದಾಕ್ಷಣ ಆ ದಾರಿ ಮುಚ್ಚಿಹೋಯಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದ ಆ ಹೆಂಗಸಿನ ಮೇಲೆ ಇದನ್ನು ಹೊರಿಸುವುದಕ್ಕಿಂತ ಈ ಬಯಲಿನಲ್ಲೇ ಸಾಯುವುದು ವಾಸಿ. ಅವನು ಕೈ ಹೊರತೆಗೆದು ಇಬ್ಬರ ಮುಂದೆಯೂ ಅಂಗೈ ಬಿಚ್ಚಿದ. ಬಟ್ಟೆಯ ಗಂಟು, ಅದರ ಬೆನ್ನಿಗೆ ಜಿಗಣೆಯ ಹಾಗೆ ಅಂಟಿಕೊಂಡ ಅಯಸ್ಕಾಂತ.

ಬೆಂಕಿಯಲ್ಲಿ ಒಂದು ಕಡ್ಡಿ ಚಟಪಟ ಎಂದಿತು. ತೂದಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಘಿತಾ ನಿಧಾನಕ್ಕೆ ಕೈ ಚಾಚಿ, ಅಯಸ್ಕಾಂತವನ್ನು ಬಿಡಿಸಿ ದೂರ ಇಟ್ಟಳು. ಗಂಟು ಬಿಚ್ಚಿ ಕಲ್ಲನ್ನು ತಾಮ್ರದ ಪೆಟ್ಟಿಗೆಯಲ್ಲಿ ಮಲಗಿಸಿದಳು. ಎಲ್ಲವನ್ನೂ ಎಷ್ಟು ಜೋಪಾನವಾಗಿ ಮಾಡಿದಳೆಂದರೆ, ಇನ್ನೂ ಏನೋ ಉಳಿದಿದೆ ಎಂದು ಯಾರಾದರೂ ಅಂದುಕೊಳ್ಳಬೇಕು.

'ಬಟ್ಟೆ ಸುತ್ತಿತ್ತಲ್ಲ' ಎಂದ ಇಂಬಾರಕ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. 'ಒಳಗೆ ಸ್ವಲ್ಪ ಏನಾದ್ರೂ...'

'ಬಟ್ಟೆ ತಡೆಯಲ್ಲ ಚಿಕ್ಕಪ್ಪ. ಕಲ್ಲು ದೊಡ್ಡದಾಗಿದ್ರೆ ನಡುವೆ ಉಳೀತಿತ್ತೇನೋ. ಇದು ಚಿಕ್ಕದು.'

'ಬೈಯಿ ಮಗಳೇ.'

'ಪರವಾಗಿಲ್ಲ.'

'ಪರವಾಗಿಲ್ಲ ಅನ್ಬೇಡ! ಬೈಯಿ. ನಿನ್ನ ಸ್ವಂತ ಚಿಕ್ಕಪ್ಪ ಆಗಿದ್ರೆ ಬೈತಿರಲಿಲ್ವಾ?'

ಘಿತಾ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. 'ಬೈಯೋ ಕೆಲಸ ನಾವು ಬಹಳ ಹಿಂದೇನೇ ಮಾಡಬೇಕಿತ್ತು' ಎಂದಳು. 'ಇವತ್ತೂ ಬಾಯಿ ಬಿಡಬೇಕಿತ್ತು. ನೇರ ಪೆಟ್ಟಿಗೆಗೇ ಹಾಕ್ತೀನಿ ಅಂತ. ಬಿಡಲಿಲ್ಲ.'

ತೂದಾ ಸೆರಗಿನಿಂದ ಮುಖ ಒರೆಸಿಕೊಂಡಳು. 'ನನ್ನ ಅಜ್ಜನ ಪದ್ಧತಿಗಿಷ್ಟು ಬೆಂಕಿ ಬೀಳ' ಎಂದು ಎದ್ದು ಗುಡಾರದ ಕಡೆ ಹೋದಳು.

ಆಮೇಲೂ ಹುಡುಕಿದರು. ಘಿತಾಳ ರಜೆ ತೀರುವವರೆಗೂ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಬಯಲು ಸೋಸಿದರು. ಇಂಬಾರಕ ಕೋಲನ್ನೇ ಎಸೆದು, ತೂದಾಳ ಹೆಗಲು ಹಿಡಿದು ನಡೆದ. ಬಯಲು ಇನ್ನೊಂದು ಕೊಡಲಿಲ್ಲ.

ಘಿತಾ ಹೊರಡುವ ದಿನ ಅವನು ಆ ಕಲ್ಲನ್ನು ಪೂರ್ತಿ ಅವಳಿಗೇ ಕೊಟ್ಟ. ತೂದಾಳ ಪಾಲನ್ನು ತನ್ನ ಗಂಟಿನಿಂದಲೇ ಮುಟ್ಟಿಸಿದ. ಸುದ್ದಿ ಹೇಗೋ ಹಬ್ಬಿ ಜರ್ಮನಿಯ ಹಳೆಯ ಗಿರಾಕಿಯೊಬ್ಬ ಫೋನು ಮಾಡಿ, ಮಂಗಳದ ಹೊಸ ಚೂರು ಸಿಕ್ಕಿದೆಯಂತಲ್ಲ, ನನಗೇ ಇರಲಿ ಎಂದು ಗೋಗರೆದ. ಅಯಸ್ಕಾಂತ ಮುಟ್ಟಿದೆ ಎಂದು ಇಂಬಾರಕ ಹೇಳಿದರೆ, ಮುಟ್ಟದ್ದು ಯಾವುದಿದೆ ಎಂದು ಅವನು ನಕ್ಕ. ಗಿರಾಕಿಯ ಕಣ್ಣಿಗೆ ಕಲ್ಲಿನ ಬೆಲೆ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಅದೇ ಇಂಬಾರಕನಿಗೆ ಹೆಚ್ಚು ನೋವಾದದ್ದು. ಏನು ಹೋಯಿತೆಂದು ಈ ಭೂಮಿಯ ಮೇಲೆ ಮೂರು ಜನರಿಗೆ ಮಾತ್ರ ಗೊತ್ತಿತ್ತು. 'ಅದು ಮಾರೋಕಿಲ್ಲ' ಎಂದು ಫೋನು ಇಟ್ಟ.

ಬೇಸಗೆಯ ಸರತಿ ಜಪಾನಿನ ಯಾರಿಗೋ ಹೋಯಿತಂತೆ. ಘಿತಾ ಆ ಕಲ್ಲಿನೊಳಗಿನ ನೀರಿನ ಅಂಶದ ಮೇಲೆ ಬೇರೆ ಕೆಲಸ ಶುರು ಮಾಡಿದಳು. ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಮೊಣಕಾಲು ಹೇಗಿದೆ ಎಂದು ಕೇಳುತ್ತಾಳೆ. ಕಲ್ಲಿನ ಮಾತು ತೆಗೆಯುವುದಿಲ್ಲ. ತೆಗೆಯಲಿ ಎಂದು ಅವನು ಕಾಯುತ್ತಾನೆ.

ಬೇಸಗೆಯ ಬಿಸಿಲು ಇಳಿಯುತ್ತಿದ್ದಂತೆ ಇಂಬಾರಕ ಗಾಡಿ ತೆಗೆದುಕೊಂಡು ಗುಡಾರ ಗುಡಾರಕ್ಕೆ ಹೊರಟ, ಅಯಸ್ಕಾಂತ ವಾಪಸು ಕೇಳಲು. ಜನ ಬಿದ್ದು ಬಿದ್ದು ನಕ್ಕರು.

'ನೀನೇ ಕೊಟ್ಟೆ, ಈಗ ನೀನೇ ಕಿತ್ಕೋತೀಯಾ?' ಎಂದ ಒಂಟೆ ಕಾಯುವ ಒಬ್ಬ. 'ಮಗುವಿಗೆ ಮೊಲೆ ಬಿಡಿಸೋದಾದ್ರೂ ಸುಲಭ. ಇದಿಲ್ಲದೆ ನಾವು ಹೊಟ್ಟೆ ಹೊರೆಯೋದು ಹೇಗಪ್ಪಾ?'

'ನಾನು ಮುಟ್ಟಿಸದ ಕಲ್ಲನ್ನೇ ಕೊಳ್ತೀನಿ.'

'ನೀನು ಕೊಳ್ತೀಯ. ಉಳಿದವರು? ಪೇಟೇಲಿ ಈಗ ಅಯಸ್ಕಾಂತ ಹುರಿಗಡಲೆ ಹಾಗೆ ಮಾರ್ತಾರೆ. ಮಕ್ಕಳು ಕುತ್ತಿಗೆಗೆ ಕಟ್ಕೊಂಡು ತಿರುಗ್ತವೆ. ಎಷ್ಟು ಜನರ ಹತ್ರ ಕಿತ್ಕೋತೀಯ?'

ಅವನ ಮಾತು ತಪ್ಪಾಗಿರಲಿಲ್ಲ. ಬಿತ್ತುವುದಕ್ಕೆ ಒಂದು ಕೈ ಸಾಕಾಗಿತ್ತು. ಬೆಳೆದದ್ದನ್ನು ಕೀಳಲು ಊರೇ ಬಂದರೂ ಸಾಲದು.

ಆದರೂ ಮುಟ್ಟಿಸದೆ ತಂದರೆ ಇಂಬಾರಕ ಕೊಳ್ಳುತ್ತಾನೆ ಎಂಬ ಸುದ್ದಿ ಹರಡಿತು. ಸುದ್ದಿ ಹರಡಿದ ಮೇಲೆ ಚೀಲಗಳು ಬರತೊಡಗಿದವು, ಹಿಂದಿನ ಕಾಲದಲ್ಲಿ ಬರುತ್ತಿದ್ದ ಹಾಗೆಯೇ. ಬಾಗಿಲಿನಿಂದ ಬೀದಿಯವರೆಗೆ ಉಪಯೋಗಕ್ಕೆ ಬಾರದ ಕರಿ ಕಲ್ಲಿನ ರಾಶಿ. ಪಕ್ಕದ ಗರಗಸದವರು ದಾಟಿ ಹೋಗಲು ದಾರಿಯಿಲ್ಲವೆಂದು ಗೊಣಗಿದರು.

'ಮನೆ ಕಟ್ಟಿಸ್ತೀರಾ?' ಎಂದಳು ಯಮ್ನಾ. 'ಇಲ್ಲಾ ಗೋರಿನಾ?'

'ಎರಡಕ್ಕೂ ಸಾಕಾಗುತ್ತೆ' ಎಂದ ಅವನು.

ಘಿತಾ ಹೇಳಿಕೊಟ್ಟ ಉಪಾಯ ಒಂದಿತ್ತು. ದಿಕ್ಸೂಚಿಯ ಸೂಜಿಯನ್ನು ನೂಲಿಗೆ ಕಟ್ಟಿ ತೂಗುಬಿಟ್ಟು, ಅದರ ಹತ್ತಿರಕ್ಕೆ ಕಲ್ಲನ್ನು ಮೆಲ್ಲಗೆ ತರಬೇಕು. ಕಬ್ಬಿಣವಿದ್ದರೆ ಸೂಜಿ ತಲೆ ತಿರುಗಿಸುತ್ತದೆ. ಅಷ್ಟು ಸಣ್ಣ ಸೂಜಿಯಿಂದ ಕಲ್ಲಿನ ನೆನಪಿಗೆ ಧಕ್ಕೆಯಾಗುವುದಿಲ್ಲ. ನಿಧಾನದ ಕೆಲಸ. ಗಾಳಿ ಬಂದರೆ ನಿಲ್ಲಿಸಬೇಕು, ಯಾರಾದರೂ ಬಾಗಿಲಲ್ಲಿ ನಿಂತು ಉಸಿರು ಬಿಟ್ಟರೂ ಮೊದಲಿನಿಂದ ಶುರು ಮಾಡಬೇಕು.

ಖರ್ಜೂರದ ಕಟಾವಿನ ಸಮಯದಲ್ಲಿ ತೂದಾ ಪೇಟೆಗೆ ಬಂದಳು. ಕತ್ತೆಯ ಮೇಲಿಂದ ಒಂದು ಚೀಲ ಇಳಿಸಿ, ಚಾಪೆಯ ಮೇಲೆ ಕಾಲು ಚಾಚಿ ಕೂತಳು.

'ಪಡುವಣದ್ದೇ ಎಲ್ಲ. ಒಂದಕ್ಕೂ ಮುಟ್ಟಿಸಿಲ್ಲ. ಕೋಲನ್ನೇ ಒಲೆಗೆ ಹಾಕಿದೆ.'

'ಅಯಸ್ಕಾಂತ?'

'ಸೊಸೆ ಅಡುಗೆ ಚಾಕು ನೇತುಹಾಕೋಕೆ ಇಟ್ಕೊಂಡಿದ್ದಾಳೆ. ಒಳ್ಳೇದಕ್ಕೂ ಬರುತ್ತೆ ಅದು.'

ಇಂಬಾರಕ ಬಾಗಿಲು ಮುಂದೆ ಮಾಡಿ, ಚೀಲದಿಂದ ಒಂದು ಕಲ್ಲು ತೆಗೆದು ಸೂಜಿಯ ಹತ್ತಿರ ಹಿಡಿದ. ತೂದಾ ಉಸಿರು ಬಿಗಿಹಿಡಿದು ನೋಡಿದಳು. ಸೂಜಿ ಕದಲಲಿಲ್ಲ.

'ಇದಲ್ವಾ?'

'ಅಲ್ಲ.'

ಇನ್ನೊಂದು ತೆಗೆದ. ಅದೂ ಅಲ್ಲ. ಮಧ್ಯಾಹ್ನದ ಪ್ರಾರ್ಥನೆಯ ಕೂಗು ಕೇಳಿ, ಗರಗಸಗಳು ಒಂದೊಂದಾಗಿ ನಿಂತು, ಬೀದಿ ಸುಮ್ಮನಾಯಿತು. ಚೀಲ ಅರ್ಧ ಇಳಿದಿತ್ತು.

'ಆ ಹುಡುಗಿ ಫೋನು ಮಾಡ್ತಾಳಾ?' ತೂದಾ ಕೇಳಿದಳು.

'ಮಾಡ್ತಾಳೆ.'

'ಬೈದ್ಲಾ?'

'ಇಲ್ಲ' ಎಂದ ಇಂಬಾರಕ. ಕೈಯಲ್ಲಿದ್ದ ಕಲ್ಲನ್ನು ಪಕ್ಕಕ್ಕಿಟ್ಟು, ನೂಲು ಅಲುಗದೆ ನಿಲ್ಲುವವರೆಗೆ ಕಾದು, ಚೀಲಕ್ಕೆ ಕೈ ಹಾಕಿದ.